ಮೂರು ನೀರಲ್ಲಿ ತೊಳೆದ ಗೋಧಿ

ದಾನೇಶ್ವರಿ ಹೆದರಿಕೆಯಲ್ಲೇ ಅನ್ನ ತಿನ್ನುವ ಹೆಂಗಸು. ಬಾಗಲಕೋಟೆಯ ನವನಗರದ ಒಂದು ಪ್ರಯೋಗಾಲಯದಲ್ಲಿ ಜನರ ರಕ್ತ ತೆಗೆದು ಪರೀಕ್ಷೆ ಮಾಡುವುದು ಅವಳ ಕೆಲಸ. ಬಾದಾಮಿಯ ಮುದುಕನ ಹೆಸರಿನ ಚೀಟಿ ಹುನಗುಂದದ ಬಸುರಿಯ ಬಾಟಲಿಗೆ ಅಂಟಿಬಿಟ್ಟರೆ ಗತಿಯೇನು ಎಂದು ದಿನವಿಡೀ ನೋಡಿದ್ದನ್ನೇ ನೋಡುತ್ತಾಳೆ. ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ, ಓಣಿಯ ತುದಿಯಿಂದ ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುತ್ತಾಳೆ. ಇಂಥವಳ ಕೈಗೆ ಈ ವರ್ಷ ಅವಳ ಅತ್ತೆ ಹಬ್ಬದ ಹಿಟ್ಟನ್ನು ಒಪ್ಪಿಸಿದ್ದಳು. ಹೆದರದೆ ಏನು ಮಾಡಿಯಾಳು?

ಅತ್ತೆ ಎಂದರೆ ಸೆಗುಲಾಬಾಯಿ ಘೋಸಾಳಕರ. ಮಗ, ಸೊಸೆ, ಓಣಿಯ ಮಂದಿ ಎಲ್ಲರೂ ಕರೆಯುವುದು ಆಯಿ ಎಂದು. ಅವರದು ಯೆಹೂದಿ ಮನೆತನ. ಮೂಲ ಕೊಂಕಣದ ಕರಾವಳಿ, ಮನೆಮಾತು ಮರಾಠಿ. ಆಯಿಯ ಮಾವ ರೈಲ್ವೆ ಗಾರ್ಡ್ ಆಗಿ ಬಾಗಲಕೋಟೆಗೆ ಬಂದವರು ಇಲ್ಲೇ ನಿಂತರು. ಹಳೇ ಊರಿನ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು, ನವನಗರದಲ್ಲಿ ಸೈಟು ಸಿಕ್ಕಿತು. ಇತ್ತ ಬಾದಾಮಿ, ಅತ್ತ ಹುನಗುಂದ, ಇಳಕಲ್ಲಿನವರೆಗೆ ಜಾಲಾಡಿದರೂ ಅವರಿಗೆ ತಿಳಿದ ಮಟ್ಟಿಗೆ ಇನ್ನೊಂದು ಯೆಹೂದಿ ಮನೆ ಇಲ್ಲ. ನೀವು ಕ್ರಿಶ್ಚನ್ನರೇನ್ರಿ ಎಂದು ಜನ ಕೇಳುತ್ತಾರೆ. ಅಲ್ಲ. ಹಂಗಾರ ಮುಸಲ್ಮಾನರೇನ್ರಿ? ಅದೂ ಅಲ್ಲ. ಮತ್ತೇನ್ರಿ ಎನ್ನುವಷ್ಟರಲ್ಲಿ ಆಯಿಯ ತಾಳ್ಮೆ ಮುಗಿದಿರುತ್ತದೆ. "ನಾವು ರೇಲ್ವೆಯವರು" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಆಯಿಯ ಮಗ ನಿಸ್ಸೀಮ. ಅವನೂ ರೈಲ್ವೆಯವನೇ, ಸಿಗ್ನಲ್ ವಿಭಾಗದಲ್ಲಿ. ಒಂದು ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಬಂದು ರಕ್ತ ಕೊಡಲು ದಾನೇಶ್ವರಿಯ ಪ್ರಯೋಗಾಲಯಕ್ಕೆ ಬಂದವನು, ಜ್ವರ ಬಿಟ್ಟ ಮೇಲೂ ಬರುವುದು ಬಿಡಲಿಲ್ಲ. ಅವಳು ಶಿರೂರಿನ ಲಿಂಗಾಯತರ ಮಗಳು. ಮದುವೆಗೆ ಅವಳ ಅಪ್ಪ ಬರಲಿಲ್ಲ; ಆರು ವರ್ಷವಾದರೂ ಮಗಳ ಮನೆಯ ಹೊಸ್ತಿಲು ತುಳಿದಿಲ್ಲ. ಅವ್ವ ಗುರುಲಿಂಗವ್ವ ಮಾತ್ರ ಒಬ್ಬಳೇ ಬಸ್ಸು ಹತ್ತಿ ಬಂದು, ರಿಜಿಸ್ಟರ್ ಕಚೇರಿಯ ಮೆಟ್ಟಿಲ ಮೇಲೇ ಮಗಳ ಉಡಿ ತುಂಬಿ ಹೋಗಿದ್ದಳು.

ಪೇಸಾಹ್ ಎಂಬುದು ಆ ಮನೆಯ ದೊಡ್ಡ ಹಬ್ಬ. ದವನದ ಹುಣ್ಣಿಮೆಯ ಆಸುಪಾಸು ಬರುತ್ತದೆ. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಅವರ ಹಿರಿಯರು ಬಿಡುಗಡೆಯಾಗಿ ಅವಸರದಲ್ಲಿ ಹೊರಟರಂತೆ. ನಾದಿದ ಹಿಟ್ಟು ಉಬ್ಬುವವರೆಗೆ ಕಾಯಲೂ ಪುರುಸೊತ್ತಿರಲಿಲ್ಲವಂತೆ. ಆ ನೆನಪಿಗೆ ಎಂಟು ದಿನ ಹುಳಿ ಬಂದ ಗೋಧಿ ಪದಾರ್ಥ ಮನೆಯಲ್ಲಿ ಇರಕೂಡದು. ಮೊದಲ ದಿನ ಕತ್ತಲಾದ ಮೇಲೆ ಹುಳಿಯಿಲ್ಲದ ಗೋಧಿ ರೊಟ್ಟಿ ಮುರಿದು ಆ ಕಥೆ ಹೇಳಬೇಕು. ರೊಟ್ಟಿ ಇಲ್ಲದಿದ್ದರೆ ಹಬ್ಬವೇ ಇಲ್ಲ. ಹದಿನೈದು ದಿನ ಮೊದಲೇ ಆಯಿ ಗೋಡೆಗೆ ಸುಣ್ಣ ಹೊಡೆಸುತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಾಳೆ, ಖರ್ಜೂರ ಕುದಿಸಿ ಪಾಕ ಇಳಿಸುತ್ತಾಳೆ, ಅಡುಗೆಗೆ ಬಳಸುವ ಹುಳಿಯ ಗಡಿಗೆಗೆ ಅರಿವೆ ಕಟ್ಟಿ ಮೂಲೆಗಿಡುತ್ತಾಳೆ. ಅವಳ ಅಜ್ಜಿಯ ಕಾಲಕ್ಕೆ ಕೊಂಕಣದಲ್ಲಿ ಇದಕ್ಕೆ ಹುಳಿಗಡಿಗೆ ಮುಚ್ಚುವ ಹಬ್ಬ ಎಂದೇ ಹೆಸರಿತ್ತು.

ರೊಟ್ಟಿಯ ಕಾನೂನು ಬಿಗಿ. ಹಿಟ್ಟಿಗೆ ನೀರು ಬಿದ್ದ ಹದಿನೆಂಟು ನಿಮಿಷದೊಳಗೆ ರೊಟ್ಟಿ ಬೆಂದು ಹಂಚಿನಿಂದ ಇಳಿಯಬೇಕು. ಹತ್ತೊಂಬತ್ತನೆಯ ನಿಮಿಷಕ್ಕೆ ಅದು ಹುಳಿತಂತೆಯೇ ಲೆಕ್ಕ. ಕಾಳಿಗೂ ಮಾಫಿ ಇಲ್ಲ. ನೀರಲ್ಲಿ ನೆನೆದ ಗೋಧಿಯನ್ನು ಆಮೇಲೆ ಎಷ್ಟು ಒಣಗಿಸಿದರೂ ಹಬ್ಬಕ್ಕೆ ಬಾರದು. ಅದಕ್ಕೇ ಆಯಿ ಗಿರಣಿಯನ್ನು ನಂಬುವವಳಲ್ಲ. ವರ್ಷಕ್ಕೊಮ್ಮೆ ಮಾತ್ರ ಹೊರಬರುವ ಬೀಸುಕಲ್ಲು ಅವಳಿಗಿತ್ತು. ಸುಣ್ಣ, ಪಾತ್ರೆ, ಕಸ, ಮುಸುರೆ ಎಲ್ಲಕ್ಕೂ ಸೊಸೆ ಬೇಕು. ಬೀಸುಕಲ್ಲು ಹೊರಬಂದ ಕೂಡಲೇ "ನೀ ಆ ಕಡೆ ಕೂಡ್ರು" ಎಂದುಬಿಡುತ್ತಿದ್ದಳು. ಆರು ವರ್ಷದಲ್ಲಿ ದಾನೇಶ್ವರಿ ಆ ಹಿಟ್ಟನ್ನು ಬೆರಳಲ್ಲಿ ಮುಟ್ಟಿರಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ದಾನೇಶ್ವರಿಗೆ ಅದು ಇನ್ನೂ ಚುಚ್ಚುತ್ತಿತ್ತು. ಹಬ್ಬದ ದಿನ ಮುಂಜಾನೆ ಮನೆಯಲ್ಲಿ ಉಳಿದ ರವೆ, ಮೈದಾ, ಶಾವಿಗೆ, ಬಿಸ್ಕೀಟು ಎಲ್ಲವನ್ನೂ ಆಯಿ ಟ್ರಂಕಿಗೆ ತುಂಬಿ ಬೀಗ ಹಾಕುವಳು. ಯೆಹೂದಿಯರಲ್ಲದವರಿಗೆ ಅದನ್ನು ಮಾರಿಬಿಟ್ಟರೆ ಹುಳಿ ಮನೆಯವರದಲ್ಲ ಎಂದಾಯಿತು. ಮುಂಬೈಯ ಯೆಹೂದಿ ಹಿರಿಯರು ಹೇಳಿಕೊಟ್ಟದ್ದು. ಮೊದಲು ಪಕ್ಕದ ಮನೆಯ ಲಾಲಬಿಗೆ ಮಾರುತ್ತಿದ್ದರು. ಸೊಸೆ ಬಂದ ವರ್ಷದಿಂದ ಆಯಿಗೆ ಪಕ್ಕದ ಮನೆಯವರೆಗೂ ಹೋಗುವ ದಗದ ತಪ್ಪಿತು. "ಒಂದು ರೂಪಾಯಿ ಕೊಡು ದಾನಿ, ಈ ಟ್ರಂಕ ಇನ್ನ ನಿಂದು" ಎಂದು ಕೀಲಿಕೈಯನ್ನು ಅವಳ ಅಂಗೈಗೆ ಹಾಕುತ್ತಿದ್ದಳು. ಮೊದಲ ವರ್ಷ ದಾನೇಶ್ವರಿ ನಕ್ಕಿದ್ದಳು. ಎರಡನೆಯ ವರ್ಷ ನಗು ಬರಲಿಲ್ಲ. ಉಂಡು ಉಟ್ಟು ಮಲಗೆದ್ದ ಮನೆಯಲ್ಲಿ ವರ್ಷಕ್ಕೊಮ್ಮೆ ನೀನು ಹೊರಗಿನವಳು ಎಂದು ಒಂದು ರೂಪಾಯಿಗೆ ಹೇಳಿಸಿಕೊಳ್ಳುವುದು ಯಾರಿಗೆ ಚಂದ? "ಅದು ಬರೇ ಪದ್ಧತಿ" ಎಂದು ನಿಸ್ಸೀಮ ಸಮಾಧಾನ ಮಾಡುತ್ತಿದ್ದ. ಗಂಡಸರಿಗೆ ಎಲ್ಲವೂ ಬರೇ ಪದ್ಧತಿಯೇ.

ಈ ವರ್ಷ ಹಬ್ಬ ಹತ್ತು ದಿನವಿರುವಾಗ ಆಯಿ ಬಚ್ಚಲು ತಿಕ್ಕಲು ಹೋಗಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು ಆರು ವಾರ ಎಂದಾಗ ಆಯಿಯ ಮುಖ ಸಣ್ಣದಾಯಿತು. ಮುಂಬೈಯಿಂದ ಡಬ್ಬಿಯ ರೊಟ್ಟಿ ತರಿಸೋಣ ಎಂದ ನಿಸ್ಸೀಮ.

"ರಟ್ಟು ತಿನ್ನೂದಿದ್ರ ಮನ್ಯಾಗಿನ ಪೆಟಗಿ ಹರಕೊಂಡು ತಿಂತೇನಿ" ಎಂದಳು ಆಯಿ. ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಸೊಸೆಯನ್ನು ಕರೆದು, ಗೋಡೆ ನೋಡುತ್ತ, "ಈ ವರ್ಷ ರೊಟ್ಟಿ ನೀ ಮಾಡು. ನಾ ಬಾಜೂಕ ಕುಂತು ಹೇಳ್ತೇನಿ" ಎಂದಳು.

ದಾನೇಶ್ವರಿಗೆ ಅವತ್ತು ಕಾಲು ನೆಲದ ಮೇಲಿರಲಿಲ್ಲ. ಸಂತೋಷದ ಭರದಲ್ಲಿ, ಗೋಧಿ ತನ್ನ ತವರಿನ ಹೊಲದ್ದೇ ಇರಲಿ ಎಂಬ ಆಸೆ ಹುಟ್ಟಿತು. ಅವ್ವನಿಗೆ ಫೋನು ಮಾಡಿ, "ದೇವರ ಕೆಲಸಕ್ಕ ಐದು ಸೇರು ಗೋಧಿ ಬೇಕವ್ವಾ, ಛಲೋವು ನೋಡಿ ಕೊಡು" ಎಂದಳು. ಚೀಟಿಯನ್ನು ನಾಲ್ಕು ಸಲ ಓದುವ ಹೆಣ್ಣುಮಗಳು ನೀರಿನ ವಿಷಯ ಒಂದು ಸಲವೂ ಹೇಳಲಿಲ್ಲ. ಬೀಸಿ ಉಣ್ಣಲು ಎಂದಿದ್ದರೆ ಗುರುಲಿಂಗವ್ವ ಚೀಲದಿಂದ ತೆಗೆದು ಹಾಗೇ ಕೊಡುತ್ತಿದ್ದಳು. ದೇವರ ಕೆಲಸ ಎಂದದ್ದೇ ಎಡವಟ್ಟಾಯಿತು.

ಹಬ್ಬದ ಹಿಂದಿನ ದಿನ ರವಿವಾರ. ನಿಸ್ಸೀಮನಿಗೆ ವಿಜಯಪುರದ ಕಡೆ ಡ್ಯೂಟಿ. ಹನ್ನೆರಡರ ಬಸ್ಸಿಗೆ ಗುರುಲಿಂಗವ್ವ ತಲೆಯ ಮೇಲೆ ಬಿಳಿ ಅರಿವೆಯ ಗಂಟು ಹೊತ್ತು ಬಂದಳು. ಆಯಿ ಊಟ ಮಾಡಿ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು ಹೊರಕೋಣೆಯಲ್ಲಿ ಮಲಗಿದ್ದಳು. ದಾನೇಶ್ವರಿ ಮೊರಕ್ಕೆ ಗೋಧಿ ಸುರುವಿ ಹಳ್ಳು ಆರಿಸಲು ಕುಳಿತಳು. ಹಳ್ಳಿರಲಿಲ್ಲ. ಹೊಟ್ಟೂ ಇರಲಿಲ್ಲ. ಕಾಳೊಳಗೆ ಕೈಯಾಡಿಸಿ ಅಂಗೈ ನೋಡಿಕೊಂಡಳು. ಒಂದಿಷ್ಟೂ ಧೂಳು ಹತ್ತಿರಲಿಲ್ಲ. 

"ಅವ್ವಾ, ಇದಕ್ಕೇನು ಮಾಡಿದಿ?"

"ಏನ್ ಮಾಡ್ಲಿ, ದೇವರ ಕೆಲಸ ಅಂದೆಲ್ಲಾ" ಎಂದಳು ಗುರುಲಿಂಗವ್ವ ಹೆಮ್ಮೆಯಿಂದ. "ಜಳಕಾ ಮಾಡಿ, ಲಿಂಗಪೂಜಿ ಮುಗಿಸಿ, ಮೂರು ನೀರಿನ್ಯಾಗ ತೊಳದೇನಿ. ಮಡಿ ಧೋತರದ ಮ್ಯಾಲ ಎರಡು ದಿನ ಬಿಸಲಿಗೆ ಹಾಕಿದ್ದೆ. ಒಂದು ಗುಬ್ಬಿ ಸುದ್ದಾ ಬಾಯಿ ಹಾಕಗೊಟ್ಟಿಲ್ಲ. ಆರಿಸೂದೇನೈತಿ ಅದರಾಗ?"

 ದಾನೇಶ್ವರಿ ಹೊರಕೋಣೆಯ ಕಡೆ ನೋಡಿದಳು. ಆಯಿಯ ಗೊರಕೆ ಕೇಳುತ್ತಿತ್ತು.

ಈಗ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಆಯಿ ಏನೆಂದಾಳು? ಎಷ್ಟಾದರೂ ಬೇರೆ ಮನೆತನದವಳು, ಇವಳ ಕೈಗೆ ಹಿಟ್ಟು ಕೊಟ್ಟದ್ದೇ ತಪ್ಪಾಯಿತು ಎಂದಾಳು. ಅವ್ವ? ಗಂಡನ ಮಾತು ಮೀರಿ ಈ ಮನೆಗೆ ಬರುವವಳು, ಎರಡು ದಿನ ಬಿಸಿಲಲ್ಲಿ ಕುಳಿತು ಗುಬ್ಬಿ ಓಡಿಸಿದವಳು. ನೀನು ತೊಳೆದದ್ದರಿಂದಲೇ ಕೆಟ್ಟಿತು ಎಂದು ಅವಳ ಮುಖಕ್ಕೆ ಹೇಗೆ ಹೇಳುವುದು? ಇನ್ನು ಹೇಳದೇ ಇದ್ದರೆ? ಅದನ್ನೂ ಅವಳು ಯೋಚಿಸಿದಳು, ಸುಳ್ಳೇಕೆ ಹೇಳಬೇಕು. ಬೀಸಿಬಿಟ್ಟರೆ ಹಿಟ್ಟು ಹಿಟ್ಟೇ. ಆಯಿ ಖುಷಿಯಿಂದ ಉಣ್ಣುತ್ತಾಳೆ, ಅವ್ವ ಖುಷಿಯಿಂದ ಊರಿಗೆ ಹೋಗುತ್ತಾಳೆ. ಆದರೆ ಪರೀಕ್ಷೆ ಮಾಡದೆ ವರದಿಗೆ ಸಹಿ ಹಾಕಿದ ಹಾಗಾಗುತ್ತದೆ. ಹತ್ತು ವರ್ಷದಲ್ಲಿ ಅಂಥದ್ದು ಒಂದನ್ನೂ ಅವಳು ಮಾಡಿರಲಿಲ್ಲ.

ಖರ್ಜೂರ ಕಮ್ಮಿ ಬಿದ್ದಿದೆ ಎಂದು ನೆಪ ಹೇಳಿ ಪೇಟೆಗೆ ಓಡಿದಳು. ಖಲೀಲನ ಕಿರಾಣಿ ಅಂಗಡಿಯಲ್ಲಿ ಮೂರು ತರಹದ ಗೋಧಿ ಇತ್ತು.

"ಖಲೀಲಭಾಯ್, ಇದಕ್ಕ ನೀರು ತಾಗಿಲ್ಲ ಅಂತ ಖಾತ್ರಿ ಐತೇನ್ರಿ?"

ಖಲೀಲ ಗೋಧಿಯನ್ನೂ ನೋಡಿದ, ಇವಳನ್ನೂ ನೋಡಿದ. "ಏನಕ್ಕಾ ಹಿಂಗ ಕೇಳ್ತೀರಿ? ರಾಶಿ ಮಾಡುವಾಗ ಮಳಿ ಬಂತೋ, ಲಾರಿಯಾಗ ತೊಯ್ತೋ, ಯಾರಿಗೊತ್ತು? ಹುಳಾ ಇಲ್ಲ ಅಂತ ಹೇಳ್ತೇನಿ. ನೀರು ಕಂಡಿಲ್ಲ ಅಂತ ನಾ ಆಣಿ ಮಾಡೂದಿಲ್ಲ ನೋಡ್ರಿ."

ಅವನ ಪ್ರಾಮಾಣಿಕತೆಗೆ ದಾನೇಶ್ವರಿಗೆ ಅಳು ಬಂತು. ಇನ್ನೆರಡು ಅಂಗಡಿ ತಿರುಗಿದಳು. ಅಲ್ಲಿ ಆಣೆ ಮಾಡಲು ತಯಾರಿದ್ದರು. ಅದಕ್ಕೇ ನಂಬಿಕೆ ಬರಲಿಲ್ಲ. ಬೇಡದ ಖರ್ಜೂರ ಅರ್ಧ ಕಿಲೋ ಹಿಡಿದು ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಆಯಿ ಎದ್ದು ಕುಳಿತಿದ್ದಳು.

"ಬೀಸೂದು ಯಾವಾಗ?"

"ನಾಳೆ ಮುಂಜಾನೆ ಬೀಸ್ತೇನ್ರಿ ಆಯಿ. ಇವತ್ತ ತಲಿ ನೋಯಾಕತ್ತೇತಿ." ಅದು ಸುಳ್ಳಾಗಿರಲಿಲ್ಲ, ತಲೆ ನಿಜಕ್ಕೂ ಸಿಡಿಯುತ್ತಿತ್ತು.

ಕತ್ತಲಾಗುತ್ತಿದ್ದಂತೆ ಆಯಿ ಮೇಣದಬತ್ತಿ ಹಚ್ಚಿಕೊಂಡಳು. ಹಬ್ಬದ ಹಿಂದಿನ ಸಂಜೆ ದೀಪ ಹಿಡಿದು ಮನೆಯ ಮೂಲೆ ಮೂಲೆಯಲ್ಲಿ ಹುಳಿ ಪದಾರ್ಥ ಹುಡುಕಬೇಕು. ಒಂದು ತುಣುಕೂ ಉಳಿಯಕೂಡದು. ಬಲಗೈ ಕೊರಳ ಜೋಳಿಗೆಯಲ್ಲಿ, ಎಡಗೈಯಲ್ಲಿ ಬತ್ತಿ. ಕೋಳಿ ಪುಕ್ಕ ಮತ್ತು ಬೋಗುಣಿ ಹಿಡಿದು ದಾನೇಶ್ವರಿ ಬೆನ್ನ ಹಿಂದೆ. ಮಂಚದ ಕೆಳಗೆ, ಕಪಾಟಿನ ಸಂದಿಗೆ, ನಿಸ್ಸೀಮನ ಡ್ಯೂಟಿ ಚೀಲಕ್ಕೆ ಬೆಳಕು ಬಿತ್ತು. ಚೀಲದಲ್ಲಿ ಒಂದು ಬಿಸ್ಕೀಟಿನ ಚೂರು ಸಿಕ್ಕಿತು. "ನಾಲ್ವತ್ತು ವರ್ಷದ ಗಂಡಸು" ಎಂದು ಆಯಿ ಗೊಣಗಿದಳು. ಆ ಚೂರನ್ನು ದಾನೇಶ್ವರಿ ಪುಕ್ಕದಿಂದ ಬಳಿದು ಬೋಗುಣಿಗೆ ಹಾಕಿದಳು. ಬೆರಳ ತುದಿಯಷ್ಟು ಚೂರಿಗೆ ಇಷ್ಟು ಹುಡುಕಾಟ, ಒಳಗೆ ಐದು ಸೇರು ಕುಳಿತಿದೆ.

ಕೊನೆಗೆ ಅಡುಗೆ ಮನೆ. ಹೊಸ ಸುಣ್ಣದ ಗೋಡೆಗೆ ಒರಗಿ ಬಿಳಿ ಅರಿವೆಯ ಗಂಟು ಮದುಮಗಳ ಹಾಗೆ ಕುಳಿತಿತ್ತು. ಗುರುಲಿಂಗವ್ವ ಅದರ ಪಕ್ಕದಲ್ಲೇ ಜಪ ಮಾಡುತ್ತ ಕೂತಿದ್ದಳು. ಆಯಿ ಬತ್ತಿಯನ್ನು ಗಂಟಿನ ಮೇಲೆ ಹಿಡಿದು, "ಇದೊಂದು ಬಿಟ್ಟು ಎಲ್ಲಾ ನೋಡಿದ್ವಿ" ಎಂದು ತಿರುಗಿದಳು.

"ಅದನ್ನೂ ನೋಡ್ರಿ ಆಯಿ" ಎಂದಳು ದಾನೇಶ್ವರಿ. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಅದು ತೊಳದ ಗೋಧಿ. ಅವ್ವ ತೊಳದಾಳ. ನಾ ಹೇಳಿರಲಿಲ್ಲ, ತಪ್ಪು ನಂದು."

ಆಯಿ ಬತ್ತಿಯನ್ನು ಮತ್ತೆ ಗಂಟಿನತ್ತ ತಿರುಗಿಸಿದಳು. ಮೇಣ ಕರಗಿ ಅವಳ ಬೆರಳ ಮೇಲೆ ಬಿತ್ತು.

"ಯಾವಾಗ ಗೊತ್ತಾತು?"

"ಮಧ್ಯಾಹ್ನ."

"ಮಧ್ಯಾಹ್ನನ ಹೇಳಿದ್ರ ಈ ಹೊತ್ತಿಗೆ ಬ್ಯಾರೆ ಗೋಧಿ ಬಂದಿರ್ತಿತ್ತು."

ಬೈದಿದ್ದರೂ ತಡೆಯಬಹುದಿತ್ತು. ಇದು ಬರೀ ನಿಜ. ದಾನೇಶ್ವರಿ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಗುರುಲಿಂಗವ್ವ ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು. "ತೊಳದದ್ದು ತಪ್ಪಾ? ನನ್ನ ಕೈ ತಾಗಿ ಮೈಲಿಗಿ ಆತೇನ್ರಿ ಬೀಗತೇರ? ನಾ ಈಗಿಂದೀಗ ಬಸ್ಸಿಗೆ ಹೋಗ್ತೇನಿ."

ಆಯಿ ಬತ್ತಿಯನ್ನು ಕಟ್ಟೆಯ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತಳು. "ಕೂಡ್ರಿ ಬೀಗತೇರ. ನಿಮ್ಮ ಕೈ ನನ್ನ ಕೈಗಿಂತ ಸ್ವಚ್ಛ ಅದಾವ. ಮೈಲಿಗಿ ಮಾತಲ್ಲ ಇದು. ಇದು ಓಡಿಬಂದವರ ರೊಟ್ಟಿ. ಅವರಿಗೆ ತೊಳದು ಒಣಗಸಾಕ ಎಲ್ಲಿ ಪುರುಸೊತ್ತಿತ್ರಿ? ನಾವು ವರ್ಷಕ್ಕೊಮ್ಮೆ ಆ ಗಡಿಬಿಡಿ ತಿನ್ನಬೇಕು. ನೀವು ಅದರಾಗ ಎರಡು ದಿನದ ಬಿಸಲು ಹಾಕಿಬಿಟ್ಟೀರಿ."

ಗುರುಲಿಂಗವ್ವ ಕೂಡಲಿಲ್ಲ, ಹೋಗಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗಂಟನ್ನೇ ನೋಡುತ್ತ ನಿಂತಳು. ಅವಳ ತವರೂರು ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ. "ನಮ್ಮ ತೌರಮನಿಗೆ ನೀರು ಬಂದಾಗ ನಮ್ಮವ್ವ ನಾದಿದ ಹಿಟ್ಟಿನ ಪರಾತ ತೊಡಿಮ್ಯಾಲ ಇಟಗೊಂಡ ಟ್ರ್ಯಾಕ್ಟರ್ ಹತ್ತಿದ್ಲು" ಎಂದಳು, ಯಾರಿಗೆ ಎಂದಲ್ಲದೆ. ಆಮೇಲೆ ಸಿಟ್ಟು ಇನ್ನೂ ಪೂರ್ತಿ ಇಳಿಯದ ದನಿಯಲ್ಲಿ, "ಮನ್ಯಾಗ ಎರಡು ಚೀಲ ಅದಾವ. ಬೇವಿನ ತಪ್ಪಲಾ ಹಾಕಿ ಇಟ್ಟೇವಿ. ರಾಶಿ ಆದಾಗಿಂದ ನೀರಿನ ಮಾರಿ ಕಂಡಿಲ್ಲ. ಆದ್ರ ಧೂಳ ಭಾಳ ಐತ್ರಿ" ಎಂದಳು.

"ಇರ್ಲಿ" ಎಂದಳು ಆಯಿ.

ದಾನೇಶ್ವರಿಯ ತಮ್ಮ ವಿಜಯಮಹಾಂತೇಶನಿಗೆ ಫೋನು ಹೋಯಿತು. ಮುಂಜಾನೆ ಆರಕ್ಕೆ ಬೈಕಿನಲ್ಲಿ ತರುತ್ತೇನೆ ಎಂದ. ಅವತ್ತು ಆಯಿ ಸೊಸೆಯೊಡನೆ ಮತ್ತೆ ಮಾತಾಡಲಿಲ್ಲ. ನಿಸ್ಸೀಮ ಡ್ಯೂಟಿಯಿಂದ ಬಂದು ಮೂವರು ಹೆಂಗಸರ ಮುಖ ನೋಡಿ ಸುಮ್ಮನೆ ಉಂಡು ಮಲಗಿದ.

ಮುಂಜಾನೆ ಐದೂವರೆಗೆ ಗುಡುಗಿತು. ಏಪ್ರಿಲ್ ತಿಂಗಳ ಅಡ್ಡಮಳೆ. ದಾನೇಶ್ವರಿ ಬಾಗಿಲಿಗೆ ಬಂದು ನೋಡಿದರೆ ಶಿರೂರಿನ ಕಡೆ ಆಕಾಶ ಕಪ್ಪಗಿತ್ತು. ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಆರಾಯಿತು, ಆರೂವರೆಯಾಯಿತು. ಮಳೆ ಅಂಗಳಕ್ಕೂ ಬಂತು. ಮತ್ತೆ ಫೋನು, ಮತ್ತೆ ಬರೀ ರಿಂಗು. ಗೋಧಿ ತೊಯ್ದರೆ ಇನ್ನು ದಾರಿ ಇಲ್ಲ. ಸ್ವಿಚ್ ಹಾಕಿ ತೆಗೆದಂತೆ ಈ ಯೋಚನೆ ಒಂದೇ ತಲೆಯಲ್ಲಿ ಹತ್ತಿ ಆರಿ ಮಾಡುತ್ತಿತ್ತು. ಹಿಂದಿನ ಮಧ್ಯಾಹ್ನವೆಲ್ಲ ಹೇಳದೆ ಕಳೆದ ತನ್ನನ್ನು ಅವಳು ಬೈದುಕೊಳ್ಳದ ಬೈಗುಳವಿಲ್ಲ. ಆಯಿ ಕಿಟಕಿಯ ಬಳಿ ಕುಳಿತು ತುಟಿಯಲ್ಲೇ ಪ್ರಾರ್ಥನೆ ಹೇಳುತ್ತಿದ್ದಳು. ಗುರುಲಿಂಗವ್ವ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಇಬ್ಬರೂ ಕೇಳುತ್ತಿದ್ದದ್ದು ಮಾತ್ರ ಒಂದೇ, ಮಳೆ ನಿಲ್ಲಲಿ ಎಂದು.

ಏಳೂ ಕಾಲಿಗೆ ಬೈಕು ಬಂತು. ವಿಜಯಮಹಾಂತೇಶ ತಲೆಯಿಂದ ಕಾಲತನಕ ತೊಯ್ದು ತೊಪ್ಪೆಯಾಗಿದ್ದ. ಅವನ ರೇನಕೋಟು ಹಿಂದಿನ ಸೀಟಿನ ಚೀಲದ ಮೇಲಿತ್ತು. ಅದರ ಕೆಳಗೆ ತಾಡಪತ್ರಿ, ಅದರ ಕೆಳಗೆ ಇನ್ನೊಂದು ತಾಡಪತ್ರಿ, ಹಗ್ಗದ ಗಂಟು ಒಂದರ ಮೇಲೊಂದು.

"ಇಷ್ಟೆಲ್ಲಾ ನೀನ ಕಟ್ಟಿದೇನು?" ಎಂದಳು ದಾನೇಶ್ವರಿ.

"ಅಪ್ಪ ಕಟ್ಟಿದ" ಎಂದ ಅವನು, ಹಲ್ಲು ಕಟಕಟಿಸುತ್ತ. "ಒಂದು ಹನಿ ಒಳಗ ಹೋದ್ರ ತಿರುಗಿ ಮನಿಗೆ ಬರಬ್ಯಾಡ ಅಂದಾನ."

ದಾನೇಶ್ವರಿ ಹಗ್ಗಕ್ಕೆ ಕೈ ಹಾಕಿದಳು, ಅಪ್ಪನ ಗಂಟು ಬಿಚ್ಚಲಾಗಲಿಲ್ಲ. ಗುರುಲಿಂಗವ್ವನೇ ಗಂಟು ಬಿಚ್ಚಿದಳು. ಆಯಿ ಎಡಗೈಯನ್ನು ಮೊಣಕೈವರೆಗೆ ಚೀಲಕ್ಕೆ ಇಳಿಸಿ, ತಳದ ಕಾಳು ತೆಗೆದು ಅಂಗೈ ಬಿಡಿಸಿದಳು. ಕಾಳು, ಹೊಟ್ಟು, ಒಣಗಿದ ಬೇವಿನೆಲೆ. ಕೈಯೆಲ್ಲ ಬೂದು ಬಣ್ಣದ ಧೂಳು. ಆಯಿ ಆ ಧೂಳನ್ನು ಬೆಳಕಿಗೆ ಹಿಡಿದು ನೋಡಿ, ಬಿದ್ದ ದಿನದಿಂದ ಮೊದಲ ಸಲ ಬಾಯಿ ತುಂಬ ನಕ್ಕಳು.

"ಧೂಳ ನೋಡಿ ನಗೋ ಮಂದಿನ್ನ ಇವತ್ತ ನೋಡಿದೆ ನಾ" ಎಂದು ಗುರುಲಿಂಗವ್ವ ಮೂಗು ಮುರಿದಳು. ಆದರೂ ಮೊರ ಹಿಡಿದು ಕೇರಲು ಅವಳೇ ಕುಳಿತಳು.

ಹತ್ತು ಗಂಟೆಗೆ ಟ್ರಂಕು ನಡುಮನೆಗೆ ಬಂತು. ಹತ್ತೂವರೆಯೊಳಗೆ ಹುಳಿ ಮಾರಾಟವಾಗಬೇಕು ಎಂದು ನಿಸ್ಸೀಮ ಕ್ಯಾಲೆಂಡರ್ ನೋಡಿ ಹೇಳಿದ. ರವೆ, ಶಾವಿಗೆ, ಮೈದಾ ಒಳಗೆ ಹೋದವು. ಅವುಗಳ ಮೇಲೆ ಆಯಿ ಬಿಳಿ ಅರಿವೆಯ ಗಂಟನ್ನೂ ಇಡಿಸಿದಳು. ಮೂರು ನೀರು ಕಂಡ ಗೋಧಿ ಮೈದಾದ ಸಾಲಿಗೆ ಸೇರಿತು. ದಾನೇಶ್ವರಿ ಎಲ್ಲ ವರ್ಷದಂತೆ ಪರ್ಸಿನಿಂದ ಒಂದು ರೂಪಾಯಿ ತೆಗೆದುಕೊಂಡು ಬಂದು ನಿಂತಳು. ಈ ವರ್ಷ ಹೊರಗಿನವಳು ಅನ್ನಿಸಿಕೊಳ್ಳಲು ತಾನು ನಿಜವಾಗಿಯೂ ಯೋಗ್ಯಳು ಎಂದುಕೊಂಡಳು.  ಕೈ ಚಾಚಿದಳು.

ಆಯಿ ಆ ಕೈಯನ್ನು ಪ್ಲಾಸ್ಟರಿನ ಅಂಚಿನಿಂದ ಪಕ್ಕಕ್ಕೆ ಸರಿಸಿದಳು.

"ಬೀಗತೇರ, ಒಂದು ರೂಪಾಯಿ ಕೊಡ್ರಿ. ಈ ಟ್ರಂಕ ನಿಮಗ ಮಾರ್ತೇನಿ. ಹೋಗುವಾಗ ನಿಮ್ಮ ಗೋಧಿ ನೀವು ಒಯ್ಯಬಹುದು."

ಗುರುಲಿಂಗವ್ವ ಮೊರ ಬಿಟ್ಟು, ಗೊಂದಲದಲ್ಲಿ ಎಲೆ ಅಡಿಕೆ ಸಂಚಿ ಬಿಚ್ಚಿದಳು. "ಯಾಕ್ರಿ, ದಾನಿ ಕೊಡಾಕತ್ತಾಳಲ್ಲ?"

"ಆಕಿಗೆ ಮಾರಾಕ ಬರೂದಿಲ್ರಿ" ಎಂದಳು ಆಯಿ, ಟ್ರಂಕಿನ ಚಿಲಕ ಹಾಕುತ್ತ. "ಮನಿಯವರಿಗೆ ಮಾರಿದ್ರ ಅದು ಮಾರಿದಂಗಲ್ಲ. ಇಷ್ಟು ವರ್ಷ ತಪ್ಪು ಮಾಡಿದೆ ನಾ."

ನಿಸ್ಸೀಮ ತಾಯಿಯ ಮುಖ ನೋಡಿದ. ಮುಂಬೈಯ ಹಿರಿಯರು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡ. ಅವನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಗುರುಲಿಂಗವ್ವನ ರೂಪಾಯಿ ಆಯಿಯ ಕೈಗೆ, ಕೀಲಿಕೈ ಗುರುಲಿಂಗವ್ವನ ಕೈಗೆ ಹೋಯಿತು. ದಾನೇಶ್ವರಿ ತನ್ನ ನಾಣ್ಯ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಕಣ್ಣಾಗಿನ ನೀರು ಹೊರಗ ಒರಿಸಿಕೊಂಡು ಬಾ, ಹಿಟ್ಟಿನ ಹತ್ರ ಒಂದು ಹನಿ ಬೀಳಬಾರದು" ಎಂದು ಗದರಿದಳು ಆಯಿ. ಆಮೇಲೆ ಎಡಗೈಯಿಂದ ಬೀಸುಕಲ್ಲಿನ ಗೂಟ ಹಿಡಿದು, ಎದುರಿನ ಜಾಗ ತೋರಿಸಿದಳು. "ಇಲ್ಲಿ ಕೂಡ್ರು. ಹೊತ್ತಾತು."